ಕೆಳಸಾಲಿನ ಡಾಂಬರು

ಚೀಟಿ ಕೊಡುವ ಕೋಣೆಯಿಂದ,
ಬುಧವಾರ, ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ರೀ,

ಮದುವೆಯಾದಾಗಿನಿಂದ ಹೀಗೇ ಕರೆದಿದ್ದೇನೆ, ಕಾಗದದಲ್ಲಿ ಮಾತ್ರ ಬೇರೆ ಏನೆಂದು ಬರೆಯಲಿ? ನಿಮ್ಮ ಮಂಡಿನೋವು ಹೇಗಿದೆ? ರೋಲರ್‌ನಿಂದ ಇಳಿಯುವಾಗ ಎಡಗಾಲು ಮೊದಲು ಊರಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಿ ತಾನೆ? ಫೋನಿನಲ್ಲಿ ಕೇಳಿದರೆ "ಹೂಂ" ಅನ್ನುತ್ತೀರಿ. ಆ ಹೂಂ ಹೊಟ್ಟೆ ತುಂಬಿದ್ದೋ ಖಾಲಿಯದೋ ನನಗೆ ತಿಳಿಯುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಬರೀ ಹೂಂ ಅಂದು ಮುಗಿಸಲು ಆಗುವುದಿಲ್ಲವಲ್ಲ. ನಾನು ಚೆನ್ನಾಗಿದ್ದೇನೆ. ನಿದ್ದೆಯೂ ಬರುತ್ತದೆ, ಆದರೆ ಹಗಲಿನಲ್ಲಿ, ಈ ಕಿಟಕಿಯ ಮುಂದೆ ಕೂತಾಗ.

ಈ ಹೊತ್ತಿನಲ್ಲಿ ನಮ್ಮ ಪಾರ್ಕಿಂಗ್ ಜಾಗ ಹೇಗಿರುತ್ತದೆಂದು ನಿಮಗೆ ಗೊತ್ತು. ಅಂಗಡಿಯವರು ಊಟಕ್ಕೆ ಹೋಗಿ ಇನ್ನೂ ಬಂದಿರುವುದಿಲ್ಲ. ಬಿಸಿಲಿಗೆ ಡಾಂಬರಿನ ಮೇಲೆ ಗಾಳಿ ನಡುಗುತ್ತದೆ. ಬಿಳಿ ಪಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತವೆ. ಕೆಳಸಾಲು ನೀರು ತುಂಬಿದ ಹಾಗೆ ಕಾಣುತ್ತದೆ. ಕಣ್ಣು ಅರ್ಧ ಮುಚ್ಚಿದರೆ ಲೆಕ್ಕದ ಮೇಷ್ಟ್ರ ಹಳೇ ಕಾರು ದಡಕ್ಕೆ ಕಟ್ಟಿದ ದೋಣಿಯ ಹಾಗೆ ತೂಗುತ್ತದೆ. ನಿವೃತ್ತಿಯಾದ ಮೇಲೂ ಅವರು ದಿನಾ ಬಂದು, ಕಾರು ನಿಲ್ಲಿಸಿ, ಅದರೊಳಗೇ ಕೂತು ಪೇಪರ್ ಓದುತ್ತಾರೆ. ಮನೆಯಲ್ಲಿ ಮೊಮ್ಮಕ್ಕಳು ಒಂದು ಸಾಲು ಓದಲೂ ಬಿಡುವುದಿಲ್ಲವಂತೆ. ಮೊನ್ನೆ ಹೀಗೇ ನೋಡುತ್ತಿದ್ದೆ. ನಮ್ಮ ಮಗ ಕೆಳಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಏನೋ ಅಳೆಯುತ್ತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು, ಅಂಗಿ ಬೆವರಿಗೆ ಅಂಟಿತ್ತು. ಕರೆಯಲಿಲ್ಲ. ಕರೆದರೆ ಎಚ್ಚರವಾಗಿಬಿಡುತ್ತದೆ ಎಂದು ನಿದ್ದೆಯಲ್ಲೇ ಗೊತ್ತಿತ್ತು. ಎಷ್ಟು ಹೊತ್ತು ಕೂತಿದ್ದನೋ, ಆಮೇಲೆ ಯಾರೋ ಹಾರ್ನ್ ಹೊಡೆದು ಚೀಟಿ ಕೇಳಿದರು.

ಸುದ್ದಿಗೆ ಬರುತ್ತೇನೆ. ಸೋಮವಾರ ಡಾಂಬರು ಮೇಸ್ತ್ರಿ ಬಂದಿದ್ದ. ಚಿಕ್ಕ ಸುತ್ತಿಗೆಯಿಂದ ಹೆಜ್ಜೆಗೊಂದು ಸಲ ನೆಲ ಬಡಿದು, ಬಗ್ಗಿ ಕಿವಿಗೊಟ್ಟು ಕೇಳುತ್ತಾ ಇಡೀ ಜಾಗ ಸುತ್ತಿದ. ಮೇಲುಸಾಲಿನಲ್ಲಿ ಟಣ್ ಟಣ್ ಎಂದಿತು. ಕೆಳಸಾಲಿನ ಟಾರ್ಪಾಲಿನ ಹತ್ತಿರ ಬಂದಾಗ ಬರೀ ಡಬ್ ಡಬ್. ಮೇಷ್ಟ್ರು ಕಾರಿನ ಕಿಟಕಿ ಇಳಿಸಿ, "ಏನಪ್ಪಾ, ರೋಗಿ ಬದುಕ್ತಾನಾ?" ಅಂದರು. ಅಂದಮೇಲೆ ನನ್ನ ಮುಖ ನೋಡಿ ಕಿಟಕಿ ಏರಿಸಿಕೊಂಡರು. ಪಾಪ, ಅವರನ್ನು ಅನ್ನುವುದಕ್ಕಿಲ್ಲ. ಬಾಯಿಗೆ ಬಂದದ್ದು ಬಂತು.

ಮೇಸ್ತ್ರಿ ಮೂರು ದಾರಿ ಹೇಳಿದ. ಬಿರುಕಿಗೆಲ್ಲ ಬಿಸಿ ಡಾಂಬರು ಸುರಿದು ಗುಂಡಿಗೆ ತೇಪೆ ಹಾಕಬಹುದು. ಒಂದು ಮಳೆಗಾಲ ತಡೆದೀತು. ಇಲ್ಲವೇ ಎಲ್ಲದರ ಮೇಲೂ ಹೊಸ ಪದರ ಎಳೆಯಬಹುದು. ನೋಡಲು ಚೆಂದ, ಆದರೆ ಅಡಿಯಲ್ಲಿರುವ ಬಿರುಕು ಎರಡು ವರ್ಷಕ್ಕೆ ಮೇಲೆ ಬಂದೇ ಬರುತ್ತದೆ. "ಹುಣ್ಣಿಗೆ ಹೊಸ ಅಂಗಿ ಹಾಕಿದ ಹಾಗೆ ಅಮ್ಮಾ" ಅಂದ. ಮೂರನೆಯದು, ಕೆಳಸಾಲನ್ನು ಬುಡದವರೆಗೆ ಅಗೆದು ತೆಗೆದು, ಜಲ್ಲಿಯಿಂದ ಮತ್ತೆ ಕಟ್ಟುವುದು. ಮೇಲುಸಾಲಿಗೆ ತೇಪೆಯೇ ಸಾಕಂತೆ. ಕೆಳಗೆ ಯಾಕೆ ಹೀಗಾಯಿತು ಎಂದು ಕೇಳಿದೆ. ಬುಡ ಮೊದಲಿಂದಲೇ ಸಡಿಲವೋ, ನೀರು ತಿಂದದ್ದೋ, ತೆರೆಯದೆ ಹೇಳಲು ಆಗುವುದಿಲ್ಲ ಎಂದ. ಟಾರ್ಪಾಲು ಎತ್ತಲು ಹೋದ. ನಾನು ಬಿಡಲಿಲ್ಲ.

ಯಾಕೆಂದು ನಿಮಗೆ ಹೇಳಬೇಕಾಗಿಲ್ಲ. ಅದರ ಅಡಿಯಲ್ಲಿ ನಮ್ಮ ಮಗ ಸೀಮೆಸುಣ್ಣದಲ್ಲಿ ಸುತ್ತುಹಾಕಿದ ಹನ್ನೊಂದು ಬಿರುಕುಗಳಿವೆ. ಪ್ರತಿಯೊಂದರ ಪಕ್ಕ ತಾರೀಕು, ಉದ್ದ. ಭಾನುವಾರ ಡಾಂಬರು ಕಾಯಿಸಿ ಸುರಿಯೋಣ ಅಂದಿದ್ದ, ಶನಿವಾರ ಜ್ವರ ಬಂತು. ಒಂಬತ್ತೇ ದಿನ, ಹೋಗಿಬಿಟ್ಟ. ಆಮೇಲೆ ಮಳೆ ಹಿಡಿಯುವ ಮೊದಲು ನೀವು ಡಾಂಬರಿನ ಡಬ್ಬ ತಂದು ನಿಂತಿರಿ, ನಾನು ಅಡ್ಡ ನಿಂತೆ. ಆ ಅಕ್ಷರದ ಮೇಲೆ ಸುರಿಯಬೇಡಿ ಅಂದೆ. ನೀವು ಡಬ್ಬ ಒಳಗಿಟ್ಟಿರಿ. ನಾನು ಟಾರ್ಪಾಲು ಹಾಸಿ ನಾಲ್ಕು ಮೂಲೆಗೂ ಇಟ್ಟಿಗೆ ಹೇರಿದೆ. ಎಂಟು ತಿಂಗಳಾಯಿತು. ಎತ್ತಿ ನೋಡುವ ಧೈರ್ಯ ನನಗೂ ಬಂದಿಲ್ಲ.

ಆಮೇಲೆ ಅದರ ಅಂಚಿನಲ್ಲಿ ನೆಲ ಕುಸಿಯಿತಲ್ಲ, ನೀವು ಆ ಗುಂಡಿಯಲ್ಲಿ ಅಂಗೈ ಇಟ್ಟು ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಇಪ್ಪತ್ತೆರಡು ವರ್ಷದ ಹಿಂದೆ ನೀವು ಕೆಳಸಾಲಿಗೆ ರೋಲರ್ ಓಡಿಸುತ್ತಿದ್ದಾಗ ಆಸ್ಪತ್ರೆಯಿಂದ ಸುದ್ದಿ ಬಂತು, ಗಂಡುಮಗು ಎಂದು. "ಅವಸರದಲ್ಲಿ ಕೆಲಸ ಮುಗಿಸಿ ಓಡಿಬಂದೆ, ನಾಲ್ಕು ಸುತ್ತು ಕಡಿಮೆ ಓಡಿಸಿರಬೇಕು" ಎಂದು ಮೊದಲೆಲ್ಲ ನಗುತ್ತಾ ಹೇಳುತ್ತಿದ್ದಿರಿ. ಆ ದಿನ ನಗಲಿಲ್ಲ. "ನನ್ನ ಕೈಯಲ್ಲಿ ಏನೂ ನಿಲ್ಲಲ್ಲ ಕಣೆ" ಅಂದಿರಿ. ವಾರ ಕಳೆಯುವುದರೊಳಗೆ ದೂರದ ರಸ್ತೆ ಕೆಲಸ ಒಪ್ಪಿಕೊಂಡು ಹೊರಟಿರಿ. ಕೇಳಿದವರಿಗೆಲ್ಲ ಕೆಲಸಕ್ಕೆ ಹೋಗಿದ್ದಾರೆ ಎನ್ನುತ್ತೇನೆ. ಸುಳ್ಳೇನಲ್ಲ. ಆದರೆ ನಾಲ್ಕು ತಿಂಗಳಿನಲ್ಲಿ ಒಂದು ಭಾನುವಾರವೂ ಬಿಡುವು ಸಿಗದ ಕೆಲಸ ಯಾವುದು ಎಂದು ಮೇಷ್ಟ್ರು ಕೇಳಿದರೆ ಲೆಕ್ಕ ಒಪ್ಪಿಸಲು ನನಗೆ ಬರುವುದಿಲ್ಲ.

ಈಗ ನೀವೇ ಹೇಳಿ. ನನ್ನ ಮನಸ್ಸು ಕೇಳಿದರೆ, ತೇಪೆ ಹಾಕಿಸೋಣ, ಟಾರ್ಪಾಲಿನಷ್ಟು ಜಾಗ ಬಿಟ್ಟು. ಅಗೆದರೆ ಅವನು ಬರೆದದ್ದೂ ಹೋಯಿತು. ಅಲ್ಲದೆ ಬುಡ ಸಡಿಲ ಎಂದು ಮೇಸ್ತ್ರಿ ಹೇಳಿಬಿಟ್ಟರೆ ನೀವು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂಬ ಭಯವೂ ಇದೆ. ಶುಕ್ರವಾರದೊಳಗೆ ಹೇಳದಿದ್ದರೆ ಮೇಸ್ತ್ರಿ ಬೇರೆ ಕೆಲಸ ಹಿಡಿಯುತ್ತಾನೆ. ನಿಮ್ಮ ಕಡೆಗೆ ಜಲ್ಲಿ ಸಾಗಿಸುವ ಲಾರಿಯ ಡ್ರೈವರ್ ಈ ಕಾಗದ ತಲುಪಿಸುತ್ತೇನೆ ಎಂದಿದ್ದಾನೆ.

ಮೇಷ್ಟ್ರು ನಿಮ್ಮನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಬಿಸಿಲಿಗೆ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಎಲ್ಲಿದ್ದರೂ ನಿಮ್ಮ ಮೈ ನೆಟ್ಟಗಿರಲಿ, ನನಗೆ ಅಷ್ಟು ಸಾಕು.

ನೀವು "ಇವಳೇ" ಎಂದು ಕರೆಯುವ,
ಇವಳು

ಮರೆತ ಮಾತು: ಮರೆತದ್ದಲ್ಲ, ಆಗಿಹೋದದ್ದು. ಇವತ್ತು ಗುರುವಾರ. ಲಾರಿ ಹೊರಗೆ ನಿಂತಿದೆ, ಬೇಗ ಬೇಗ ಬರೆಯುತ್ತೇನೆ. ಬೆಳಗ್ಗೆ ಮೇಷ್ಟ್ರು ಬರುವಾಗ ಟಾರ್ಪಾಲಿನ ಅಂಚಿನಲ್ಲಿ ಕಾರಿನ ಮುಂದಿನ ಚಕ್ರ ಪೂರ್ತಿ ಕುಸಿದು, ಅವರ ಹಣೆ ಸ್ಟಿಯರಿಂಗಿಗೆ ಬಡಿಯಿತು. ಊತ ಬಂದಿದೆ, ಬೇರೇನಿಲ್ಲ. ನನ್ನನ್ನು ಬೈಯಲೂ ಇಲ್ಲ. "ನನ್ನ ಕಾರಾಗಿದ್ದಕ್ಕೆ ಸರಿ ಕಣಮ್ಮಾ. ಮಗು ಕೂರಿಸ್ಕೊಂಡು ಯಾರಾದ್ರೂ ಬಂದಿದ್ರೆ?" ಅಂದರು. ನಿಮ್ಮನ್ನು ಕಾಯಲಿಲ್ಲ. ಮೇಸ್ತ್ರಿಯನ್ನು ಕರೆಸಿ ಅಗೆಯಿರಿ ಎಂದೆ.

ಟಾರ್ಪಾಲು ನಾನೇ ಎತ್ತಿದೆ. ಅಡಿಯಲ್ಲಿ ಒಂದು ಗೆರೆಯೂ ಇರಲಿಲ್ಲ ರೀ. ನೀರು ಮೇಲುಸಾಲಿನಿಂದ ಹರಿದು ಬಂದು ಒಳಗೇ ನಿಂತು, ಆರಲು ಬಿಸಿಲಿಲ್ಲದೆ, ಎಲ್ಲ ಅಳಿಸಿ ಬಿರುಕಿನಲ್ಲಿ ಇಳಿದಿತ್ತು. ಎಂಟು ತಿಂಗಳು ನಾನು ಕಾದದ್ದು ಏನನ್ನು ಎಂದು ಕೇಳಬೇಡಿ. ಅತ್ತು ಮುಗಿದಿದೆ.

ಅಗೆದಲ್ಲಿ ಟಾರ್ಪಾಲಿನಷ್ಟಗಲ ಬರೀ ಕೆಸರು. ಅದರಾಚೆ ಒಂದು ಮೊಳ ಹೋದರೆ, ಅದೇ ಕೆಳಸಾಲಿನಲ್ಲೇ, ಜಲ್ಲಿ ಹಲ್ಲು ಕಚ್ಚಿಕೊಂಡು ಕೂತಿದೆ. ಸಲಾಕೆ ಹಾಕಿ ಇಬ್ಬರು ಮೀಟಿದರೂ ಅಲುಗಲಿಲ್ಲ. "ಇದು ಅವಸರದಲ್ಲಿ ಹಾಕಿದ್ದಲ್ಲ ಅಮ್ಮಾ. ಒಂದು ಸುತ್ತೂ ಕಡಿಮೆ ಓಡಿಸಿಲ್ಲ. ಮುಚ್ಚಿಟ್ಟಿದ್ದಕ್ಕೆ ಹೋಗಿದ್ದು" ಎಂದ ಮೇಸ್ತ್ರಿ. ನೀವು ಹಾಕಿದ್ದೆಂದು ಅವನಿಗೆ ಗೊತ್ತಿರಲಿಲ್ಲ. ತಪ್ಪು ನನ್ನದು, ನಿಮ್ಮ ಕೈಯದಲ್ಲ.

ಬಾಯಿಮಾತಿಗೆ ನೀವು ನಂಬುವವರಲ್ಲ, ಬಂದು ಮುಟ್ಟಿ ನೋಡಿ. ಭಾನುವಾರದವರೆಗೆ ಮುಚ್ಚಬೇಡಿ ಎಂದು ಮೇಸ್ತ್ರಿಗೆ ಹೇಳಿದ್ದೇನೆ. ಲಾರಿ ನಾಳೆ ಸಂಜೆ ವಾಪಸ್ ಬರುತ್ತದೆ, ಡ್ರೈವರ್ ಪಕ್ಕದ ಸೀಟು ಖಾಲಿಯಂತೆ.