ಮದುವೆಗೆ ಎತ್ತಿಟ್ಟ ಕೆಂಪು ಕಾಳು

೧೯೪೮, ಅಕ್ಟೋಬರ್ ೯, ಶನಿವಾರ

ಇವತ್ತೂ ಗಂಟಲು ಕೆಟ್ಟಿದೆ. ಬೆಳಿಗ್ಗೆ ಕಾಮೆದಾ ಯಜಮಾನರ ಹತ್ತಿರ ಬಾಡಿಗೆಗೆ ಕಥೆಯ ಚಿತ್ರಗಳನ್ನು ತರುವುದು, ಸೈಕಲ್ಲಿನ ಪೆಟ್ಟಿಗೆಯಲ್ಲಿ ಜೋಡಿಸುವುದು, ಬೀದಿ ಬೀದಿಯಲ್ಲಿ ಮರದ ತುಂಡು ಬಡಿದು ಮಕ್ಕಳನ್ನು ಕೂಡಿಸುವುದು, ಮಿಠಾಯಿ ಮಾರುವುದು, ಆಮೇಲೆ ಕಥೆ ಅರಚುವುದು. ಸೈನ್ಯದಲ್ಲೂ ಇಷ್ಟು ಅರಚಿರಲಿಲ್ಲ.

ಈಗ ಓಡುತ್ತಿರುವ ಕಥೆ 'ಆಚೆ ದಡದ ಅಪ್ಪ'. ಯುದ್ಧಕ್ಕೆ ಹೋಗಿ ಕಾಣೆಯಾದ ಅಪ್ಪ, ಕಾಯುವ ಮಗಳು. ಮುಂದೇನು ಎಂದು ನನಗೂ ಗೊತ್ತಿಲ್ಲ. ದಿನಕ್ಕೊಂದು ಕಂತು, ಚಿತ್ರ ಕೈಗೆ ಬಂದಾಗಲೇ ತಿಳಿಯುವುದು. ಚಿತ್ರ ಯಜಮಾನರದು, ಮಾತು ನನ್ನದು. ಅದೊಂದು ಸ್ವಾತಂತ್ರ್ಯ ಇದೆ.

ರೇಷನ್ನಿನಲ್ಲಿ ಅಕ್ಕಿಯ ಬದಲು ಮತ್ತೆ ಸಕ್ಕರೆ. ಅಮ್ಮ ಚೀಲವನ್ನು ಕುಕ್ಕಿದಳು. "ಸಕ್ಕರೆ ಬೇಯ್ಸಿ ಅನ್ನ ಅಂತ ಬಡಿಸ್ಬೇಕಾ? ಗೆದ್ದ ಅಮೆರಿಕದೋರಿಗೆ ತಲೇಲಿ ಏನೂ ಇಲ್ಲ. ಇಂಥೋರ ಕೈಲಿ ಸೋತ್ವಲ್ಲ, ಅದೇ ನಾಚಿಕೆ!"

ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತಿಗೆ ಹೊಲಿಗೆ ಮಿಷನ್ ನಿಲ್ಲಿಸಿ ರೇಡಿಯೋ ಮುಂದೆ ಕೂತಿದ್ದರು. ಕಾಣೆಯಾದವರನ್ನು ಹುಡುಕುವ ಕಾರ್ಯಕ್ರಮ. ಇಂಥ ದಳದ ಇಂಥವರು, ಇಂಥ ಊರಿನ ಇಂಥವರ ಮನೆಯವರು... ಒಂದೇ ದನಿಯಲ್ಲಿ ಹೆಸರುಗಳು. ಒಂದು ದಿನವೂ ತಪ್ಪಿಸುವುದಿಲ್ಲ. ಅಣ್ಣ ಮಂಚೂರಿಯಾದಲ್ಲಿ ತೀರಿಕೊಂಡ ಎಂದು ಸರ್ಕಾರದ ಕಾಗದ ಬಂತು, ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯೂ ಬಂತು. ತೆಗೆದರೆ ಒಳಗೆ ಹೆಸರು ಬರೆದ ಮರದ ಚೂರು. ಅಷ್ಟಕ್ಕೆ ಯಾರು ನಂಬುತ್ತಾರೆ? ಪಾಪ, ಅತ್ತಿಗೆ.

ಅಕ್ಟೋಬರ್ ೧೩

ಅಮ್ಮ ಬಾಯಿ ಬಿಟ್ಟಳು. ಒಂದು ತಿಂಗಳಿಂದ ಗೊತ್ತಿತ್ತು, ಬಿಡುತ್ತಾಳೆ ಎಂದು.

"ಫುಸಾಗೆ ಇನ್ನೂ ಮೂವತ್ತು ಆಗಿಲ್ಲ. ತೌರಿಗೆ ಕಳ್ಸಿದ್ರೆ ಅವ್ರು ಯಾವ್ನಾದ್ರೂ ಮುದುಕನ ಕೊರಳಿಗೆ ಕಟ್ತಾರೆ. ನೀನೋ, ಸೈಕಲ್ ಮೇಲೆ ಮಿಠಾಯಿ ಮಾರೋನು. ನಿಂಗ್ಯಾರು ಹೆಣ್ಣು ಕೊಡ್ತಾರೆ?"

"ಅಮ್ಮಾ, ಅವ್ರು ಅಣ್ಣನ ಹೆಂಡ್ತಿ."

"ಅಣ್ಣ ಇದ್ದಾಗ ಹೆಂಡ್ತಿ. ಮೇಲಿನ ಮನೆ ಸಾಬೂನಿನೋರ ಮನೇಲಿ ಅತ್ತಿಗೇನ ಮೈದುನಂಗೆ ಮಾಡ್ಲಿಲ್ವಾ? ಕೊಳಾಯಿ ಹತ್ರ ಇರೋರ ಮನೇಲಿ? ಊರೆಲ್ಲ ಇದೇ ನಡೀತಿದೆ. ನೀನೊಬ್ಬ ದೊಡ್ಡ ಮರ್ಯಾದಸ್ಥ!"

ಗಂಜಿಯ ಬಟ್ಟಲಿನೊಳಗೆ ಮುಖ ಇಟ್ಟುಕೊಂಡೆ. ಕೆಂಪಾಗಿದ್ದು ಅಮ್ಮನಿಗೆ ಕಂಡಿರಬೇಕು. ಹೆತ್ತವಳಿಗೆ ಹೆರಿಗೆ ವಿದ್ಯೆ ಹೇಳಿಕೊಡಬೇಕೇ?

ಅಕ್ಟೋಬರ್ ೧೫

ಅತ್ತಿಗೆ ಚಾಪೆಯ ಮೇಲೆ ಕೈಯೂರಿ ತಲೆ ಬಾಗಿಸಿ "ಅತ್ತೆ ಹೇಳ್ದ ಹಾಗೆ" ಎಂದರಂತೆ. ಅಷ್ಟೇ. ಬೇಡವೆನ್ನಲಾರದೆ ಹೇಳಿದರೋ, ಬೇಕೆಂದೇ ಹೇಳಿದರೋ. ನವೆಂಬರ್ ೨೮, ಭಾನುವಾರ ಎಂದು ಅಮ್ಮ ದಿನ ಇಟ್ಟಳು. ಎಲ್ಲಿಂದಲೋ ಒಂದು ಸೇರು ಕೆಂಪು ಕಾಳು ಸಂಪಾದಿಸಿ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ. ಕಾಳನ್ನು ಅಂಟಕ್ಕಿಯ ಜೊತೆ ಬೇಯಿಸಿ ಕೆಂಪನ್ನ ಮಾಡದೆ ಅದೆಂಥ ಮದುವೆ ಎನ್ನುತ್ತಾಳೆ. ಅಂಟಕ್ಕಿಗೆ ಇನ್ನೂ ಹುಡುಕಾಟ.

ಇಲ್ಲಿ ಯಾರೂ ಓದುವುದಿಲ್ಲ, ಆದ್ದರಿಂದ ಬರೆದೇ ಬಿಡುತ್ತೇನೆ. ಸೈನ್ಯದಲ್ಲಿದ್ದ ದ್ವೀಪದಿಂದ ಮಲೇರಿಯಾ ಹೊತ್ತು ಬಂದ ವರ್ಷ, ನಡುಗುವಾಗಲೆಲ್ಲ ಕಂಬಳಿಯ ಮೇಲೆ ಕೂತು ಒತ್ತಿ ಹಿಡಿಯುತ್ತಿದ್ದವರು ಅತ್ತಿಗೆ. ಅವತ್ತಿನಿಂದಲೂ ಇದೆ ನನಗೆ. ಅಣ್ಣನ ಪೆಟ್ಟಿಗೆಯ ಮುಂದೆ ಊದುಬತ್ತಿ ಹಚ್ಚುವಾಗಲೆಲ್ಲ ಕಣ್ಣು ಮುಚ್ಚಿಕೊಳ್ಳುತ್ತಿದ್ದುದು ಭಕ್ತಿಯಿಂದಲ್ಲ.

ಅಕ್ಟೋಬರ್ ೨೪, ಭಾನುವಾರ

ಮಳೆ. ಸೈಕಲ್ ಇಲ್ಲ. ರೇಡಿಯೋದಲ್ಲಿ ಹಾಡಿನ ಸ್ಪರ್ಧೆ. ಯಾರೋ ಮೀನಿನಂಗಡಿಯವನು ಬಾಯಿ ತೆರೆದ, ಟಣ್ ಎಂದು ಗಂಟೆ ಬಾರಿಸಿ ಇಳಿಸಿಬಿಟ್ಟರು. ಅಮ್ಮ ಚಾಪೆ ಮೇಲೆ ಹೊರಳಾಡಿ ನಕ್ಕಳು.

ಫುಸಾ ಅಮೆರಿಕದ ಸೈನ್ಯದ ಕಂಬಳಿಗೆ ಕಪ್ಪು ಬಣ್ಣ ಹಾಕಿದ್ದಾಳೆ, ನನಗೆ ಕೋಟು ಹೊಲಿಯಲು. ಭುಜದ ಅಳತೆ ತೆಗೆದಳು. (ಅವಳು ಎಂದು ಬರೆದೆ. ಇರಲಿ.)

ಮೊದಲೆಲ್ಲ "ತೇಜಿ, ನೀರು ತಾ", "ತೇಜಿ, ಕಾಲು ತೊಳ್ಕೊ" ಎನ್ನುತ್ತಿದ್ದಳು. ನನಗಿಂತ ಒಂದು ವರ್ಷ ದೊಡ್ಡವಳು, ಅತ್ತಿಗೆ ಬೇರೆ. ಈಗ ಹೆಸರೇ ಇಲ್ಲ. "ಸ್ವಲ್ಪ ತಿರುಗ್ತೀರಾ?" ಎಂದಳು. ತಿರುಗಿದೆ. ಬೆನ್ನ ಹಿಂದೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮೆಲ್ಲಗೆ ಬೂಗಿ ಕುಣಿತದ ಹಾಡು ಗುನುಗುತ್ತಿದ್ದಳು. ಊರಿಗೆಲ್ಲ ಹಿಡಿದ ಹುಚ್ಚು ನಮ್ಮ ಮನೆಗೂ ಬಂತು. ಸೋತು ಸುಣ್ಣವಾದ ಈ ದೇಶದಲ್ಲಿ ನಾನೊಬ್ಬ ಸುಖಿ.

ನವೆಂಬರ್ ೪

ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಹೊಳೆಯಾಚೆ, ಒತೊಮಿ ಅಜ್ಜಿಯ ತಂಬಾಕಿನ ಅಂಗಡಿ. ಸೈಕಲ್ ನಿಲ್ಲಿಸಿ ಬೀಡಿಯಂಥ ಒಂದು ಸಿಗರೇಟು ಸುತ್ತುತ್ತಿದ್ದೆ. ಅಂಗಡಿಯ ರೇಡಿಯೋದಲ್ಲಿ ಅದೇ ಕಾರ್ಯಕ್ರಮ, ಅದೇ ದನಿ. "ಹೊಂಜೋದಲ್ಲಿ ವಾಸವಾಗಿದ್ದ ಕುವಾಬಾರಾ ಮಸಕಿಚಿ ಅವರ ಮನೆಯವರು ಎಲ್ಲಿದ್ದರೂ, ನಾಗಾಓಕಾದ ಇವಾಬುಚಿ ಅವರನ್ನು ಸಂಪರ್ಕಿಸಬೇಕು. ಇವಾಬುಚಿ ಅವರು ಸೈಬೀರಿಯಾದಿಂದ ಮರಳಿದ್ದಾರೆ."

ಅಣ್ಣ. ಹೊಂಜೋದ ನಮ್ಮ ಮನೆ ಬಾಂಬಿಗೆ ಸುಟ್ಟುಹೋಯಿತು. ನಾವು ಈ ಕಡೆ ಬಂದಿದ್ದು ಅವನಿಗೆ ಹೇಗೆ ತಿಳಿಯಬೇಕು? ಕಾಗದ ಬರೆದಿದ್ದರೂ ಬೂದಿಗೆ ಬರೆದ ಹಾಗೆ.

ಅಜ್ಜಿ ಕೇಳಿದಳು, "ಯಾಕಪ್ಪಾ, ಮುಖ ಹಿಂಗ್ ಬಿಳಿಚ್ಕೊಂಡಿದೆ?"

"ತಂಬಾಕು ಕಾರ, ಅಜ್ಜಿ."

"ತಂಬಾಕಾ? ಅದ್ರಲ್ಲಿ ಅರ್ಧ ಗಿಡದೆಲೆ ಕಣೋ!"

ಮನೆಗೆ ಬಂದೆ. ಮಿಷನ್ನಿನ ಮುಂದೆ ಫುಸಾ. "ಮಧ್ಯಾಹ್ನವೆಲ್ಲ ಕರೆಂಟ್ ಇರ್ಲಿಲ್ಲ" ಎಂದಳು. "ರೇಡಿಯೋ ಕೇಳ್ಲಿಕ್ಕೇ ಆಗ್ಲಿಲ್ಲ."

ಇಷ್ಟು ದಿನ ತಪ್ಪಿಸದವಳು ತಪ್ಪಿಸಿದ್ದು ಈ ಒಂದು ದಿನ. ಕೇಳಿದ್ದು ನಾನೊಬ್ಬನೇ.

ಏನೂ ಹೇಳಲಿಲ್ಲ.

ನವೆಂಬರ್ ೫

ಮಂಚೂರಿಯಾದಿಂದ ಸೆರೆಹೋಗಿ ಸೈಬೀರಿಯಾದಲ್ಲಿ ಸತ್ತವರ ಸುದ್ದಿ ಹೇಳಲೂ ಹೀಗೆಯೇ ಕರೆಯುತ್ತಾರೆ. ಕೂದಲು, ಉಗುರು ಏನಾದರೂ ತಂದಿರುತ್ತಾರೆ. ಅದೇ ಇರಬೇಕು. ಮದುವೆ ಮುಗಿಯಲಿ, ಆಮೇಲೆ ನಾನೇ ಹೋಗಿ ಬರುತ್ತೇನೆ.

ಅಣ್ಣ ಸತ್ತಿರಲಿ ಎಂದು ಬಯಸಿದೆ. ಬರೆದಿದ್ದನ್ನು ಹೊಡೆದು ಹಾಕುವುದಿಲ್ಲ. ಈಜು ಕಲಿಸಿದವನು ಅವನು.

ನವೆಂಬರ್ ೧೨, ಶುಕ್ರವಾರ

ಒಂದು ವಾರ ಬರೆಯಲಿಲ್ಲ. ಬರೆಯಲು ಇದ್ದಿದ್ದು ಒಂದೇ ವಿಷಯ.

ಇವತ್ತು ಯುದ್ಧ ನಡೆಸಿದ ದೊಡ್ಡವರಿಗೆಲ್ಲ ತೀರ್ಪು. ರೇಡಿಯೋದ ಮುಂದೆ ಬೀದಿಯೇ ನಿಂತಿತ್ತು. ಒಬ್ಬೊಬ್ಬರ ಹೆಸರಿಗೂ ಗಲ್ಲು, ಜೀವಾವಧಿ... ಅಮ್ಮ ಮೂಲಂಗಿ ಹೆಚ್ಚುತ್ತಲೇ ಇದ್ದಳು. "ಗಲ್ಲಿಗೆ ಹಾಕಿದ್ರೆ ನನ್ ಮಸಕಿಚಿ ಬರ್ತಾನಾ?" ಎಂದಳು, ಯಾರಿಗೂ ಅಲ್ಲ. ಸುಮ್ಮನೆ ಎದ್ದು ಹೋಗಿ ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಟ್ಟೆ. ಬೇಕಿರಲಿಲ್ಲ ಅದಕ್ಕೆ ಎಣ್ಣೆ.

ಹೇಳಿದರೆ ಮಾನ ಹೋಗುತ್ತೆ, ಹೇಳದಿದ್ದರೆ ಪ್ರಾಣ ಹೋಗುತ್ತೆ. ಕೋಟು ಸಿದ್ಧವಾಗಿದೆ. ಬೆಚ್ಚಗಿದೆ. ಹಾಕಿಕೊಳ್ಳಲು ಆಗುತ್ತಿಲ್ಲ.

ನವೆಂಬರ್ ೧೬

ಯಜಮಾನರು ಕೊಟ್ಟ ಇವತ್ತಿನ ಕಂತು ತೆರೆದು ನೋಡಿದೆ. ಕೊನೆಯ ಚಿತ್ರ: ಹಡಗಿನ ಮೆಟ್ಟಿಲು, ಹರಿದ ಟೋಪಿ, ಹುಬ್ಬಿನ ಮೇಲೆ ಗಾಯದ ಗುರುತು. ಅಪ್ಪ ಬಂದಿದ್ದಾನೆ.

ಮೊದಲ ಬೀದಿ. ಪುಟಾಣಿಗಳು ಮಿಠಾಯಿ ಚೀಪುತ್ತ ಕೂತಿದ್ದವು. ಆ ಚಿತ್ರ ಎಳೆದೆ. "ಇಳಿದವನು ಅಪ್ಪನಲ್ಲ, ಯಾರೋ ಬೇರೆಯವನು" ಎಂದುಬಿಟ್ಟೆ.

ಬೊಬ್ಬೆಯೋ ಬೊಬ್ಬೆ. "ಮಾಮಾ, ಸುಳ್ಳು! ಹುಬ್ಬಿನ ಮೇಲೆ ಗಾಯ ಇದೆ!" "ಅಪ್ಪನೇ ಅದು!" "ಮಾಮಂಗೆ ಕಣ್ ಕಾಣ್ಸಲ್ಲ!" "ಮಿಠಾಯಿ ದುಡ್ಡು ವಾಪಸ್ ಕೊಡು!" ಹಿಂದೆ ನಿಂತಿದ್ದ, ಮಿಠಾಯಿ ಕೊಳ್ಳದ ಒಂದು ಹುಡುಗಿ ಮಾತ್ರ ಕೂಗಲಿಲ್ಲ, ಅತ್ತಳು. ಅವಳ ಮನೆಯಲ್ಲಿ ಯಾರು ಬರಬೇಕಿದೆಯೋ.

ಪೆಟ್ಟಿಗೆ ಮುಚ್ಚಿ ಸೈಕಲ್ ತಿರುಗಿಸಿದೆ. ಉಳಿದ ಬೀದಿಗಳಿಗೆ ಹೋಗಲಿಲ್ಲ.

ನವೆಂಬರ್ ೧೭

ಹೇಳಿದೆ.

ಬೆಳಿಗ್ಗೆ, ಕೈಪಂಪಿನ ಹತ್ತಿರ. ಫುಸಾ ಬಕೆಟ್ ತುಂಬಿಸುತ್ತಿದ್ದಳು. ಇವಾಬುಚಿ, ನಾಗಾಓಕಾ, ಕೇಳಿ ಎಷ್ಟು ದಿನವಾಯಿತು, ಎಲ್ಲ. ಪಂಪಿನ ಹಿಡಿ ಬಿಡಲಿಲ್ಲ ಅವಳು. ನೀರು ತುಂಬಿ ಹರಿಯಿತು.

"ದಿನಾ ಕಾಯ್ತಿದ್ದೋರು ನೀವು" ಎಂದೆ. "ನಿಮ್ಗೆ ಮೊದ್ಲೇ ಹೇಳ್ಬೇಕಿತ್ತು. ತಪ್ಪಾಯ್ತು."

"ಏನ್ ಕಾಯ್ತಿದ್ದೆ ಅಂದ್ಕೊಂಡ್ರಿ?"

"ಅಣ್ಣನ ಹೆಸ್ರು ಬರ್ಲಿ ಅಂತ."

"ಬರ್ದೇ ಇರ್ಲಿ ಅಂತ" ಎಂದಳು. ದನಿ ಏರಿಸಲಿಲ್ಲ. "ಬರ್ದೇ ಇದ್ದ ದಿನ ನಿದ್ದೆ ಬರ್ತಿತ್ತು. ಅವ್ರು ಕೆಟ್ಟೋರಲ್ಲ. ಒಂದು ಚಳಿಗಾಲ ಜೊತೇಲಿದ್ವಿ, ಆಮೇಲೆ ಸೈನ್ಯಕ್ಕೆ ಹೋದ್ರು. ಮುಖ ನೆನಪ್ ಮಾಡ್ಕೊಂಡ್ರೆ ಫೋಟೋನೇ ಬರತ್ತೆ, ಅವ್ರು ಬರಲ್ಲ. ನಿಮ್ಮ ಕೆಮ್ಮು ಬೀದಿ ತುದೀಲಿ ಕೇಳಿದ್ರೂ ಗೊತ್ತಾಗತ್ತೆ ನಂಗೆ."

ಎರಡು ವರ್ಷ ಪಕ್ಕದಲ್ಲೇ ಕೂತು ನೋಡಿದ್ದೆ, ರೇಡಿಯೋ ಮುಂದಿನ ಅವಳ ಮುಖವನ್ನು.

"ಹೇಳ್ದೇ ಇರ್ಬೋದಿತ್ತು ನೀವು" ಎಂದಳು. ಆಮೇಲೆ ಅತ್ತಳು, ಬಕೆಟ್ಟಿನ ನೀರಲ್ಲೇ ಮುಖ ತೊಳೆದಳು, ಎದ್ದಳು. "ನಾಗಾಓಕಾ ರೈಲಿಗೆ ಟಿಕೆಟ್ ಸಿಗತ್ತಾ? ಸಾಲಲ್ಲಿ ನಿಲ್ಬೇಕೇನೋ. ಅತ್ತೆಗೆ ಹೋಗ್ ಬಂದ್ಮೇಲೆ ಹೇಳೋಣ. ಸತ್ತ ಮಗ ಎರಡ್ಸಲ ಸಾಯೋದು ಬೇಡ."

ಬಕೆಟ್ ನಾನೇ ಒಳಗೆ ತಂದೆ.

ನವೆಂಬರ್ ೧೯

ಫುಸಾ ಹೋದಳು. ಬಟ್ಟೆ ಕೊಳ್ಳಲು ಎಂದು ಅಮ್ಮನಿಗೆ ಹೇಳಿದ್ದಾಳೆ. ರೈಲಿನಲ್ಲಿ ಕಿಟಕಿಯಿಂದ ಹತ್ತುವ ಜನ. ನಾನೇ ಎತ್ತಿ ಒಳಗೆ ತಳ್ಳಿದೆ. ಕಿಟಕಿಯಿಂದ ಒಂದು ಕೈ ಮಾತ್ರ ಕಂಡಿತು. ಬೀಸಿದ್ದು ಅವಳದೋ ಬೇರೆ ಯಾರದೋ. ನಾನಂತೂ ಬೀಸಿದೆ.

ನವೆಂಬರ್ ೨೧, ಭಾನುವಾರ

ಬದುಕಿದ್ದಾನೆ.

ಕಾಲಿನ ಎರಡು ಬೆರಳು ಹಿಮಕ್ಕೆ ಹೋಗಿವೆ. ಕ್ಯಾಂಪಿನ ಆಸ್ಪತ್ರೆಯಲ್ಲಿದ್ದನಂತೆ, ಇವಾಬುಚಿಯನ್ನು ಹೊರಗೆ ಕಳಿಸುವಾಗ ಕೈ ಹಿಡಿದು ಹೊಂಜೋದ ವಿಳಾಸ ಬಾಯಿಪಾಠ ಮಾಡಿಸಿದನಂತೆ. ಚಳಿಗಾಲಕ್ಕೆ ಹಡಗುಗಳು ನಿಲ್ಲುತ್ತವೆ. ಮುಂದಿನ ವರ್ಷ ಬರಬಹುದು.

ಅಮ್ಮ ಮೊದಲು ನಂಬಲಿಲ್ಲ. ಆಮೇಲೆ ಬಿಳಿ ಪೆಟ್ಟಿಗೆಗೆ ಎರಡು ಬಾರಿಸಿದಳು, "ಯಾವನ್ನೋ ತಂದು ನನ್ ಮನೇಲಿ ಕೂರ್ಸಿದ್ರು!" ಎಂದು. ಆಮೇಲೆ ಅದಕ್ಕೇ ಕೈ ಮುಗಿದಳು. ಅಳು, ನಗು, ಬಿಕ್ಕಳಿಕೆ. ನಾನೂ ಅತ್ತೆ. ಸುಳ್ಳು ಅಳುವಲ್ಲ. ಅಣ್ಣ ಬದುಕಿದ್ದಾನೆ ಎಂದಾಗ ಎದೆ ತುಂಬಿ ಬಂತು. ಹೊಳೆಯಲ್ಲಿ ನನ್ನ ಗಲ್ಲ ಹಿಡಿದು "ಕಾಲು ಬಡಿ, ಕಾಲು ಬಡಿ" ಎನ್ನುತ್ತಿದ್ದವನು. ಎದೆ ತುಂಬಿದ್ದೂ ಒಡೆದದ್ದೂ ಒಟ್ಟಿಗೇ ಆಯಿತು, ಬಿಡಿಸಿ ಬರೆಯಲು ಬರುವುದಿಲ್ಲ.

ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಅಮ್ಮ ಮಾತ್ರ ಒಂದು ಸಲ ನನ್ನ ಬೆನ್ನು ಸವರಿದಳು. ಆಮೇಲೆ ಒಳಗೆ ಹೋಗಿ ಡಬ್ಬಿ ಇಳಿಸಿದಳು. ಕೆಂಪು ಕಾಳು, ಹೇಗೋ ಸಂಪಾದಿಸಿದ್ದ ಅಂಟಕ್ಕಿ. "ಇದಕ್ಕಿಂತ ಒಳ್ಳೇ ದಿನ ಇನ್ಯಾವುದು?" ಎಂದಳು. ಮನೆ ತುಂಬ ಘಮ.

ಬಿಸಿ ಬಿಸಿ ಕೆಂಪನ್ನ, ಮೇಲೆ ಹುರಿದ ಎಳ್ಳು ಉಪ್ಪು. ಎಷ್ಟು ವರ್ಷವಾಗಿತ್ತು ತಿಂದು. ನುಂಗಿದೆ. ಬಟ್ಟಲು ಖಾಲಿಯಾಯಿತು. ಅತ್ತಿಗೆ ಸೌಟು ಹಿಡಿದು ನನ್ನ ಕಡೆ ತಿರುಗಿದರು. ನನ್ನನ್ನು ನೋಡಲಿಲ್ಲ, ಬಟ್ಟಲನ್ನು ನೋಡಿದರು.

"ತೇಜಿ, ಇನ್ನೊಂಚೂರು ಹಾಕ್ಲೇನೋ ನಿಂಗೆ?"

ಬಟ್ಟಲು ಮುಂದೆ ಹಿಡಿದೆ. "ಹಾಕಿ, ಅತ್ತಿಗೆ."

ನವೆಂಬರ್ ೨೮, ಭಾನುವಾರ

ಚಳಿ. ಕೋಟು ಮಡಚಿ ಅಣ್ಣನಿಗೆಂದು ಇಡಲು ಹೋದೆ. ಅಮ್ಮ ಬೈದಳು, "ಅವ್ನು ಬರೋದು ಬೇಸಿಗೇಗೆ, ಈಗ ನೀನ್ ಸಾಯ್ತೀಯಾ ಚಳೀಲಿ?" ಹಾಕಿಕೊಂಡೆ. ಭುಜ ಸರಿಯಾಗಿದೆ.

ಆ ಮೊದಲ ಬೀದಿಗೆ ಹೋಗದೆ ಹತ್ತು ದಿನದ ಮೇಲಾಯಿತು. ಇವತ್ತು ಯಜಮಾನರನ್ನು ಬೇಡಿ ಅವತ್ತಿನ ಚಿತ್ರಗಳನ್ನೇ ಮತ್ತೆ ತಂದಿದ್ದೇನೆ. ಮಕ್ಕಳಿಗೆ ಒಂದು ಸಾಲ ಇದೆ. ಆ ಹುಡುಗಿಯನ್ನು ಮುಂದೆ ಕೂರಿಸಬೇಕು, ಮಿಠಾಯಿ ಕೊಂಡರೂ ಸರಿ, ಕೊಳ್ಳದಿದ್ದರೂ ಸರಿ.

ಇಲ್ಲಿ ಬರೆದು ಅಭ್ಯಾಸ ಮಾಡುತ್ತೇನೆ, ಬಾಯಿ ಕೈಕೊಡಬಾರದು. ಹಡಗು ದಡ ಸೇರಿತು. ಮೆಟ್ಟಿಲು ಇಳಿಬಿಟ್ಟರು. ಹರಿದ ಟೋಪಿಯವನೊಬ್ಬ ಕುಂಟುತ್ತ ಇಳಿದ. ಹುಬ್ಬಿನ ಮೇಲೆ ಗಾಯ. ನೋಡಿ ಮಕ್ಕಳೇ, ಯಾರು ಬಂದರು? ಅಪ್ಪ ಬಂದ. ಮನೆಯವರಿಗೆಲ್ಲ ಎಷ್ಟು ಸಂತೋಷವಾಯಿತು ಎಂದರೆ, ಎಲ್ಲರಿಗೂ, ಮನೆಯಲ್ಲಿದ್ದ ಎಲ್ಲರಿಗೂ —