ಗಾಳ ಎತ್ತುವ ಹೊತ್ತು

ಭಾನುವಾರ, ಬೆಳಿಗ್ಗೆ

ತಾಳ್ಮೆರಾಯರಿಗೆ,

‘ನಿನ್ನ ಹತ್ರ ಒಂದು ಮಾತೂ ಪೂರ್ತಿ ಆಡೋಕಾಗಲ್ಲ’ ಎಂದು ಬ್ಯಾಗು ಹಿಡಿದು ನೀವು ನಿಮ್ಮ ಅಣ್ಣನ ಮನೆಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದವಿದು. ಕ್ಷೇಮ ಸಮಾಚಾರ ವಿಚಾರಿಸುವುದಿಲ್ಲ. ನಿನ್ನೆ ಹೊಳೆಯಲ್ಲಿ ಕಣ್ಣಾರೆ ನೋಡಿದ್ದೇನೆ, ಚೆನ್ನಾಗಿಯೇ ಇದ್ದೀರಿ. ಸ್ವಲ್ಪ ಸೊರಗಿದ್ದೀರಿ, ಅಷ್ಟೇ.

ನೀವು ಅಲ್ಲಿರುತ್ತೀರೆಂದು ನನಗೆ ಗೊತ್ತಿರಲಿಲ್ಲ, ನಂಬಿ. ಬಂಡೆಯ ಮರೆಯಲ್ಲಿ ಮೊಣಕಾಲೂರಿ, ಆ ದೊಡ್ಡ ಟ್ರೌಟ್ ಮೀನು ಮೇಲೆದ್ದು ಹುಳ ನುಂಗುವುದನ್ನೇ ನೋಡುತ್ತಿದ್ದೆ. ತಲೆಯೆತ್ತಿದರೆ ಎದುರು ದಡದಲ್ಲಿ ನೀವು! ನೀವೋ ನಿಮ್ಮ ಗಾಳದ ದಾರ ಸುತ್ತಿಕೊಂಡು, ಮೊದಲು ನೀನು ಎಂಬಂತೆ ತಲೆಯಾಡಿಸಿದಿರಿ. ಅದಕ್ಕೇ ನನಗೆ ಮೈಯುರಿದದ್ದು. ಬಿಟ್ಟುಕೊಡುವುದಕ್ಕೆ ನೀವು ಯಾರು?

ಸಿಟ್ಟಿನಲ್ಲೇ ಗಾಳ ಬೀಸಿದೆ. ತುದಿಗೆ ಎರೆಹುಳವಲ್ಲ, ಮೀನನ್ನು ಮರುಳು ಮಾಡಲು ನಾನೇ ಕಟ್ಟಿದ ಹುಸಿ ನೊಣ. ಸಣ್ಣ ಕೊಕ್ಕೆಗೆ ಬೂದು ನೂಲು ಸುತ್ತಿ, ಹುಂಜದ ಕತ್ತಿನ ಗರಿ ಬಿಗಿದದ್ದು. ನೀರಿನ ಮೇಲೆ ಗರಿಯ ತುದಿಗಳನ್ನೂರಿ ನಿಂತು, ಥೇಟ್ ಜೀವವಿರುವ ಹುಳದಂತೆ ತೇಲಿ ಬಂತು. ಮೀನು ಎದ್ದಿತು. ಬಾಯಿ ತೆರೆಯಿತು. ನನ್ನದು ಹಾಳು ಕೈ, ಮೀನು ಬಾಯಿ ಮುಚ್ಚುವ ಮೊದಲೇ ಎಳೆದು ಕೆಡಿಸುವ ಕೈ. ಆಗ ನೀವು ಅಂಗೈಯೆತ್ತಿ ತಡೆದಿರಿ. ಉಸಿರು ಬಿಗಿಹಿಡಿದು ನಿಂತೆ. ಮೀನು ನೊಣ ನುಂಗಿ ಕೆಳಕ್ಕೆ ತಿರುಗಿತು. ಆಮೇಲೆ ಎತ್ತಿದೆ, ಸಿಕ್ಕಿತು.

ಅದು ನಿಮ್ಮ ಕಡೆಗೇ ಓಡಬೇಕೆ? ದಾರ ಇನ್ನೇನು ಹರಿಯುತ್ತದೆ ಎನ್ನುವಾಗ ನೀವು ಸೊಂಟದವರೆಗೆ ನೀರಿಗಿಳಿದು ಕೈಬಲೆಯಲ್ಲಿ ಹಿಡಿದಿರಿ. ಕೊಕ್ಕೆ ಬಿಡಿಸಿ ಮೀನನ್ನು ಹೊಳೆಗೇ ಬಿಟ್ಟಿರಿ. ನೊಣವನ್ನು ಬೆಳಕಿಗೆ ಹಿಡಿದು, ‘ಯಾವ ಹುಂಜದ ಗರಿನೇ ಇದು?’ ಎಂದು ಕೂಗಿದಿರಿ. ‘ಪಕ್ಕದ ಮನೇದು, ಅವರಿಗೆ ಹೇಳ್ಬೇಡಿ’ ಎಂದೆ. ನಕ್ಕಿರಿ. ಎಷ್ಟು ದಿನವಾಗಿತ್ತು ಆ ನಗು ಕೇಳಿ!

ಆಮೇಲೆ ನೀವು ‘ಮನೆ...’ ಎಂದು ಶುರುಮಾಡಿದಿರಿ. ನನಗೆ ತಡೆಯಲಾಗಲಿಲ್ಲ. ‘ಮನೆ ಖಾಲಿ ಮಾಡ್ತಿದೀನಿ, ಮಾಲೀಕರಿಗೆ ಹೇಳಾಯ್ತು’ ಎಂದುಬಿಟ್ಟೆ. ನೀವು ಮಾತು ನುಂಗಿಕೊಂಡು ದಡ ಹತ್ತಿ ಹೋದಿರಿ. ತಿರುಗಿಯೂ ನೋಡಲಿಲ್ಲ.

ರಾತ್ರಿಯೆಲ್ಲ ನಿದ್ದೆಯಿಲ್ಲ. ಏನು ಹೇಳಹೊರಟಿದ್ದಿರಿ? ಮನೆಗೆ ಬರುತ್ತೇನೆ ಎಂದೋ, ಮನೆಯಲ್ಲಿರುವ ನನ್ನ ಸಾಮಾನು ಕಳಿಸು ಎಂದೋ? ನನಗೆ ಭಯವಾಗುತ್ತಿದೆ. ಆದರೂ ಯಾವುದಾದರೂ ಸರಿ, ಪೂರ್ತಿ ಹೇಳಿ. ಈ ಸಲ ನಡುವೆ ಬಾಯಿ ಹಾಕುವುದಿಲ್ಲ.

ನಿಮ್ಮ
ಅವಸರಗೇಡಿ

ಮರೆತಿದ್ದೆ: ಮಾಲೀಕರಿಗೆ ನಾನು ಏನೂ ಹೇಳಿರಲಿಲ್ಲ, ನಿನ್ನೆ ಅಂದದ್ದು ಬರೀ ಸುಳ್ಳು. ಈ ಕಾಗದ ಮಡಿಸುವಷ್ಟರಲ್ಲಿ ಅವರೇ ಬಾಗಿಲಿಗೆ ಬಂದು, ಮುಂದಿನ ವರ್ಷಕ್ಕೂ ಮನೆ ಬೇಕೇ ಎಂದು ಕೇಳಿದರು. ‘ಬೇಕು, ನಾವಿಬ್ರೂ ಇರ್ತೀವಿ’ ಎಂದುಬಿಟ್ಟೆ.