ಬಂಗಲೆಯ ಗಾಜು ಒಡೆದ ಕಿಡಿಗೇಡಿಯ ಪರವಾಗಿ

ಹಳೆಯ ಕಟ್ಟಡಗಳ ರಕ್ಷಣೆಯ ಹೊಣೆ ಹೊತ್ತ ಮಾನ್ಯ ನಿರ್ದೇಶಕರೇ,

ದಿಬ್ಬದ ಮೇಲಿನ ದೊರೆ ಬಂಗಲೆಗೆ ತಾವು ಸುಣ್ಣಬಣ್ಣ ಮಾಡಿಸಿ, ಬಾಗಿಲಲ್ಲಿ ಅದರ ಚರಿತ್ರೆಯ ಫಲಕ ನಿಲ್ಲಿಸಿದ್ದು ಸಂತೋಷ. ಆದರೆ ಆ ಫಲಕದಲ್ಲಿ ನಮ್ಮಜ್ಜಿಯನ್ನು ಬೈದಿದ್ದೀರಿ. ಅದಕ್ಕೇ ಈ ಪತ್ರ.

ಫಲಕದ ಮುಕ್ಕಾಲು ಪಾಲು ದೊರೆಯದೇ: ಅವರು ಆಡಿದ ಬಿಲಿಯರ್ಡ್ಸ್, ಸಾಕಿದ ನಾಯಿಗಳು, ಹಡಗಿನಲ್ಲಿ ತರಿಸಿದ ಬಣ್ಣದ ಗಾಜು. ನಾಯಿಗಳಿಗೂ ಹೆಸರಿದೆ. ದೊರೆ ತಮ್ಮ ದೇಶಕ್ಕೆ ಹೊರಟಾಗ ಚರಿತ್ರೆಯನ್ನೂ ಪೆಟ್ಟಿಗೆಗೆ ತುಂಬಿಕೊಂಡರೋ ಏನೋ, ಆಮೇಲಿನದಕ್ಕೆಲ್ಲ ಒಂದೇ ಸಾಲು: "ನಂತರ ಕಟ್ಟಡ ಪಾಳುಬಿದ್ದು, ಕಿಡಿಗೇಡಿಗಳು ಊಟದ ಕೋಣೆಯ ಅಪರೂಪದ ಗಾಜನ್ನು ಒಡೆದರು."

ಸ್ವಾಮಿ, ಅದನ್ನು ಒಡೆದದ್ದು ನನ್ನ ತಾಯಿಯ ತಾಯಿ.

ದೊರೆ ಹೋದ ಎಷ್ಟೋ ವರ್ಷದ ಮೇಲೆ ಒಂದು ಮಳೆಗಾಲ ಹೊಳೆ ಊರೊಳಗೆ ನುಗ್ಗಿ ಆಸ್ಪತ್ರೆ ಮುಳುಗಿತ್ತು. ನೋವು ಶುರುವಾಗಿದ್ದ ಅಮ್ಮನನ್ನು ಮಾವಂದಿರು ಮಂಚದ ಸಮೇತ ದಿಬ್ಬ ಹತ್ತಿಸಿದರು. ಬಂಗಲೆಗೆ ಸರ್ಕಾರದ ಬೀಗ. ಕಾವಲುಗಾರ ಅಡ್ಡ ನಿಂತನಂತೆ.

"ಸಾಹೇಬರ ಅಪ್ಪಣೆ ಇಲ್ದೆ ಯಾರನ್ನೂ ಬಿಡೋ ಹಾಗಿಲ್ಲಮ್ಮ."

"ಸಾಹೇಬರೆಲ್ಲಿ?"

"ಕಚೇರಿ ತಾರಸಿ ಮೇಲೆ ಕೂತಿದ್ದಾರೆ. ದೋಣಿ ಬರಬೇಕು."

"ನೀನು ಅವರನ್ನ ಕಾಯಪ್ಪ. ಮಗು ಕಾಯಲ್ಲ," ಅಂತ ಅಜ್ಜಿ ಕಲ್ಲೆತ್ತಿದಳು.

ಒಡೆದ ಕಿಟಕಿಯಿಂದ ಒಳಗಿಳಿದು ಹಿಂಬಾಗಿಲ ಚಿಲಕ ತೆಗೆದವನು ಅದೇ ಕಾವಲುಗಾರ. ದೊರೆಯ ಊಟದ ಮೇಜಿನ ಮೇಲೆ ನಾನು ಹುಟ್ಟಿದೆ. ನೀರಿಳಿಯುವಷ್ಟರಲ್ಲಿ ಇನ್ನೂ ನಾಲ್ಕೈದು ಹೆರಿಗೆ ಅಲ್ಲೇ ಆದವು. ಕೊನೆಗೆ ಸರ್ಕಾರವೇ ಸೋತು ಬಂಗಲೆಯನ್ನು ಹೆರಿಗೆ ಆಸ್ಪತ್ರೆ ಮಾಡಿತು. ಹೊಸ ಆಸ್ಪತ್ರೆ ಏಳುವವರೆಗೆ ಅರ್ಧ ಊರು ಕಣ್ಣುಬಿಟ್ಟಿದ್ದು ಅಲ್ಲಿಯೇ. ಬಿಲಿಯರ್ಡ್ಸ್ ಕೋಣೆಯಲ್ಲಿ ಸಾಲು ತೊಟ್ಟಿಲು, ವರಾಂಡದ ತುಂಬ ಒಣಹಾಕಿದ ಬಟ್ಟೆ, ಮೆಟ್ಟಿಲ ಮೇಲೆ ಉಗುರು ಕಚ್ಚುತ್ತ ಕೂತ ಗಂಡಂದಿರು. ಇಷ್ಟು ಗದ್ದಲದ ಪಾಳುಮನೆಯನ್ನು ತಾವು ಬೇರೆಲ್ಲಾದರೂ ಕಂಡಿದ್ದೀರಾ?

ಮೊನ್ನೆ ಅಜ್ಜಿಯನ್ನು ಕರೆದೊಯ್ದು ಫಲಕ ಓದಿ ಹೇಳಿದೆ. ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಮಾಡಿಕೊಂಡಳು ಕೂಡ.

"ಕಿಡಿಗೇಡಿಗಳು ಅಂತಿದೆಯೇನೋ? ಒಡೆದೋಳು ನಾನೊಬ್ಬಳೇ. ಈ 'ಗಳು' ಯಾರು?"

ಆದ್ದರಿಂದ ತಮ್ಮಲ್ಲಿ ಬೇಡಿಕೆ ಇಷ್ಟೇ. 'ಪಾಳುಬಿದ್ದು' ಎಂಬುದನ್ನು ಅಳಿಸಿ, ಆ ಜಾಗದಲ್ಲಿ ಹೆರಿಗೆ ಆಸ್ಪತ್ರೆಯ ಕಥೆ ಬರೆಸಿ. ಅಜ್ಜಿಯ ಹೆಸರು ಹಾಕಿಸಿ, ಏಕವಚನದಲ್ಲೇ ಇರಲಿ, ಅವಳ ಅಭ್ಯಂತರವಿಲ್ಲ. ಇದಕ್ಕೆ ಆಧಾರ ಏನೆಂದು ತಾವು ಕೇಳಬಹುದು. ತಮ್ಮದೂ ಇದೇ ಊರೆಂದು ಕೇಳಿದ್ದೇನೆ. ಉತ್ತರ ಬರೆಯುವ ಮೊದಲು, ತಮ್ಮನ್ನು ಎಲ್ಲಿ ಹೆತ್ತರೆಂದು ತಾಯಿಯವರನ್ನೊಮ್ಮೆ ವಿಚಾರಿಸಿ.

ಇಂತಿ,
ಚರಿತ್ರೆ ಮುಗಿದ ಮೇಲೆ ಹುಟ್ಟಿದ ತಪ್ಪಿಗೆ ಫಲಕದಿಂದ ಹೊರಗುಳಿದವನು